ಕುಂಟದ ಬೆಕ್ಕಿಗೂ ಕೀಲುನೋವು: ವಯಸ್ಸಾದ ಬೆಕ್ಕಿನ ಸಂಧಿವಾತವನ್ನು ಗುರುತಿಸಿ, ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ವಯಸ್ಸಾದ ನಾಯಿಗೆ ಕಾಲುನೋವು ಬಂದರೆ ಕುಂಟುತ್ತದೆ, ಏಳುವಾಗ ನರಳುತ್ತದೆ, ಬೀದಿಗೆಲ್ಲ ಗೊತ್ತಾಗುತ್ತದೆ. ಬೆಕ್ಕು ಸದ್ದಿಲ್ಲದೆ ಒಂದೊಂದೇ ಕೆಲಸ ಬಿಡುತ್ತಾ ಬರುತ್ತದೆ. ಬೀರುವಿನ ಮೇಲೆ ಹತ್ತುವುದು ಮೊದಲು ನಿಲ್ಲುತ್ತದೆ. ಕೆಲವು ತಿಂಗಳ ಮೇಲೆ ಕಿಟಕಿ ಕಟ್ಟೆಯೂ ಬೇಡವಾಗುತ್ತದೆ. ಆಮೇಲೆ ಬೆನ್ನಿನ ಹಿಂಭಾಗ ನೆಕ್ಕಿಕೊಳ್ಳುವುದನ್ನೂ ಬಿಡುತ್ತದೆ. ಇಡೀ ದಿನ ಒಂದೇ ಮೂಲೆಯಲ್ಲಿ ಮಲಗಿದ್ದನ್ನು ಕಂಡು ಮನೆಯವರು ‘ಪಾಪ, ವಯಸ್ಸಾಯಿತು’ ಎಂದು ಸುಮ್ಮನಾಗುತ್ತಾರೆ. ಬೆಕ್ಕಿನ ಸಂಧಿವಾತ ವರ್ಷಗಟ್ಟಲೆ ಚಿಕಿತ್ಸೆಯಿಲ್ಲದೆ ಉಳಿಯುವುದಕ್ಕೆ ಈ ಒಂದು ಮಾತೇ ಮುಖ್ಯ ಕಾರಣ ಎಂಬುದು ನನ್ನ ಅಭಿಪ್ರಾಯ.

ಕಾಯಿಲೆ ಅಪರೂಪದ್ದಲ್ಲ. 12 ವರ್ಷ ದಾಟಿದ 100 ಬೆಕ್ಕುಗಳ ಎಕ್ಸ್‌ರೇಗಳನ್ನು ಪರಿಶೀಲಿಸಿದ ಅಮೆರಿಕದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ 90 ಬೆಕ್ಕುಗಳ ಕೀಲುಗಳಲ್ಲಿ ಸವೆತದ ಗುರುತುಗಳಿದ್ದವು. ಎಕ್ಸ್‌ರೇಯಲ್ಲಿ ಸವೆತ ಕಂಡ ಮಾತ್ರಕ್ಕೆ ನೋವಿದೆ ಎಂದು ಹೇಳಲಾಗದು. ಎಕ್ಸ್‌ರೇ ಚೆನ್ನಾಗಿದೆ ಎಂದ ಮಾತ್ರಕ್ಕೆ ನೋವಿಲ್ಲ ಎನ್ನಲೂ ಆಗದು. ಆದರೆ ಹತ್ತು ವರ್ಷ ದಾಟಿದ ಬೆಕ್ಕು ಮನೆಯಲ್ಲಿದ್ದರೆ ‘ನಮ್ಮದಕ್ಕೆ ಇರಲಿಕ್ಕಿಲ್ಲ’ ಎನ್ನುವುದಕ್ಕಿಂತ ‘ಇರಬಹುದು, ನೋಡೋಣ’ ಎನ್ನುವುದು ವಾಸಿ.

ಹಾಗಾದರೆ ಕುಂಟುವುದಿಲ್ಲವೇಕೆ? ಸಾಮಾನ್ಯವಾಗಿ ಎರಡೂ ಸೊಂಟದ ಕೀಲುಗಳು, ಎರಡೂ ಮೊಣಕಾಲುಗಳು ಅಥವಾ ಎರಡೂ ಮೊಣಕೈಗಳು ಜೊತೆಜೊತೆಗೆ ಕೆಡುತ್ತವೆ. ಎಡಗಾಲು ನೋಯುತ್ತದೆಂದು ಬಲಗಾಲಿಗೆ ಭಾರ ಹಾಕಿದರೆ ಅದೂ ನೋಯುತ್ತದೆ, ಕುಂಟಿ ಲಾಭವೇನು? ಜೊತೆಗೆ ಬೆಕ್ಕು ಬೇಟೆಯಾಡುವ ಪ್ರಾಣಿಯಷ್ಟೇ ಅಲ್ಲ, ತನಗಿಂತ ದೊಡ್ಡ ಪ್ರಾಣಿಗಳಿಗೆ ಬೇಟೆಯೂ ಹೌದು. ದೌರ್ಬಲ್ಯ ಮುಚ್ಚಿಡುವುದು ಅದರ ಹುಟ್ಟುಗುಣ.

ಮೊದಲ ಹೆಜ್ಜೆ: ಬಿಟ್ಟುಹೋದದ್ದನ್ನು ಪಟ್ಟಿ ಮಾಡಿ

ಬೆಕ್ಕು ಈಗ ಏನು ಮಾಡುತ್ತಿದೆ ಎಂದು ನೋಡಿದರೆ ಹೆಚ್ಚೇನೂ ತಿಳಿಯದು. ಎರಡು ವರ್ಷದ ಹಿಂದೆ ಮಾಡುತ್ತಿದ್ದು ಈಗ ಮಾಡದಿರುವುದು ಯಾವುದು ಎಂದು ಕೇಳಿಕೊಳ್ಳಿ. ನಾರ್ತ್ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆಂದೇ ಆರು ವಿಷಯಗಳ ಸರಳ ಪಟ್ಟಿಯೊಂದನ್ನು ರೂಪಿಸಿದ್ದಾರೆ. ಮೇಲಕ್ಕೆ ನೆಗೆಯುವುದು, ಕೆಳಕ್ಕೆ ಧುಮುಕುವುದು, ಮೆಟ್ಟಿಲು ಹತ್ತುವುದು, ಮೆಟ್ಟಿಲು ಇಳಿಯುವುದು, ಓಡುವುದು, ಚಲಿಸುವ ವಸ್ತುವನ್ನು ಅಟ್ಟಿಸಿಕೊಂಡು ಹೋಗುವುದು. ಈ ಆರರಲ್ಲಿ ಯಾವುದಾದರೂ ಒಂದನ್ನು ಮೊದಲಿನಂತೆ ಸಲೀಸಾಗಿ ಮಾಡುತ್ತಿಲ್ಲ ಎಂದಾದರೆ ವೈದ್ಯರಿಗೆ ತೋರಿಸಲು ಅಷ್ಟೇ ಕಾರಣ ಸಾಕು.

ಕೆಳಕ್ಕೆ ಧುಮುಕುವುದನ್ನು ಹತ್ತಿರದಿಂದ ಗಮನಿಸಿ. ಆರೋಗ್ಯವಂತ ಬೆಕ್ಕು ಕಾಂಪೌಂಡ್ ಗೋಡೆಯಿಂದ ಇಳಿಯುವಾಗ ಒಂದೇ ಓಘದಲ್ಲಿ ಜಾರಿಬಂದು ಸದ್ದಿಲ್ಲದೆ ನಿಲ್ಲುತ್ತದೆ. ಕೀಲು ನೋಯುವ ಬೆಕ್ಕು ಅಂಚಿಗೆ ಬಂದು ನಿಲ್ಲುತ್ತದೆ, ಕೆಳಗೆ ನೋಡುತ್ತದೆ, ಹಿಂದೆ ಸರಿಯುತ್ತದೆ, ಮತ್ತೆ ಬರುತ್ತದೆ. ಆಮೇಲೆ ಮುಂಗಾಲುಗಳನ್ನು ಗೋಡೆಯ ಮೇಲೆ ಆದಷ್ಟು ಕೆಳಕ್ಕೆ ಊರಿಕೊಂಡು, ಉಳಿದ ದೂರವಷ್ಟನ್ನೇ ಹಾರಿ, ಧೊಪ್ಪೆಂದು ಬೀಳುತ್ತದೆ. ಆ ‘ಧೊಪ್’ ಸದ್ದೇ ನಿಮಗೆ ಬೇಕಾದ ಸುಳಿವು. ಮೇಲಕ್ಕೆ ಹತ್ತುವಾಗಲೂ ಹಾಗೆಯೇ: ಮುಂಗಾಲು ಸೋಫಾದ ಮೇಲಿಟ್ಟು, ಉಗುರು ಸಿಕ್ಕಿಸಿ, ಹಿಂಭಾಗವನ್ನು ಎಳೆದುಕೊಂಡು ಹೋಗುತ್ತದೆ.

ಇನ್ನು ಮೈ ನೋಡಿ. ಬಾಲದ ಬುಡದ ಹತ್ತಿರ, ಸೊಂಟದ ಮೇಲೆ ಕೂದಲು ಗಂಟುಗಟ್ಟಿ, ಹೊಟ್ಟು ಉದುರುತ್ತಿದ್ದರೆ ಅಲ್ಲಿಗೆ ಕತ್ತು ತಿರುಗಿಸಲು ಅದಕ್ಕೆ ಆಗುತ್ತಿಲ್ಲ ಎಂದರ್ಥ. ಕೆಲವು ಬೆಕ್ಕುಗಳು ಇದಕ್ಕೆ ತದ್ವಿರುದ್ಧವಾಗಿ ನೋಯುವ ಕೀಲಿನ ಮೇಲೇ ನೆಕ್ಕಿ ನೆಕ್ಕಿ ಕೂದಲು ತೆಗೆದುಬಿಡುತ್ತವೆ. ನಡೆಯುವಾಗ ನೆಲದ ಮೇಲೆ ಟಕ್ ಟಕ್ ಎಂದು ಉಗುರಿನ ಸದ್ದು ಬರುತ್ತಿದ್ದರೆ ಅದು ಉಗುರು ಮಸೆಯುವುದನ್ನು ಬಿಟ್ಟು ಬಹಳ ದಿನವಾಗಿದೆ. ಮಲಮೂತ್ರಕ್ಕೆಂದು ಮರಳು ತುಂಬಿಟ್ಟ ಟ್ರೇಯ ಪಕ್ಕದಲ್ಲೇ ಮಲ ಮಾಡುವುದು, ಎತ್ತಿಕೊಂಡರೆ ಕಚ್ಚಲು ಬರುವುದು, ಮಕ್ಕಳು ಹತ್ತಿರ ಬಂದರೆ ಎದ್ದುಹೋಗುವುದು, ಇವನ್ನು ‘ಸಿಡುಕು ಸ್ವಭಾವ’ದ ಖಾತೆಗೆ ಹಾಕುವ ಮೊದಲು ನೋವಿನ ಖಾತೆಗೆ ಹಾಕಿ ನೋಡಿ.

ವಯಸ್ಸಾಗದಿದ್ದರೂ ಈ ತೊಂದರೆ ಬರುವ ತಳಿಯೊಂದಿದೆ: ಕಿವಿ ಮಡಚಿದ ಸ್ಕಾಟಿಷ್ ಫೋಲ್ಡ್. ಆ ಮುದ್ದಾದ ಕಿವಿಗೆ ಕಾರಣವಾದ ಮೃದ್ವಸ್ಥಿಯ ದೋಷ ದೇಹದ ಉಳಿದ ಕೀಲುಗಳಲ್ಲೂ ಇರುತ್ತದೆ. ಎಳೆಯ ವಯಸ್ಸಿನಲ್ಲೇ ಪಾದ ಮತ್ತು ಬಾಲದ ಮೂಳೆಗಳು ಬಿಗಿಯಾಗಬಹುದು. ದುಡ್ಡು ಕೊಟ್ಟು ನೋವನ್ನು ಮನೆಗೆ ತರುವ ಮುನ್ನ ಇದನ್ನು ತಿಳಿದಿರಬೇಕು.

ಎರಡು ಸ್ಥಿತಿಗಳನ್ನು ಮಾತ್ರ ಸಂಧಿವಾತವೆಂದು ತಪ್ಪು ತಿಳಿಯಬೇಡಿ. ಬೆಕ್ಕು ಇದ್ದಕ್ಕಿದ್ದಂತೆ ಹಿಂಗಾಲುಗಳನ್ನು ಎಳೆಯತೊಡಗಿ, ಜೋರಾಗಿ ಕಿರುಚುತ್ತಾ, ಮುಟ್ಟಿ ನೋಡಿದರೆ ಹಿಂಗಾಲಿನ ಪಾದ ತಣ್ಣಗಿದ್ದರೆ ಅದು ಹೃದ್ರೋಗದಿಂದ ರಕ್ತ ಹೆಪ್ಪುಗಟ್ಟಿ ಕಾಲಿನ ರಕ್ತನಾಳ ಕಟ್ಟಿಕೊಂಡ ಲಕ್ಷಣ. ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು. ಇನ್ನೊಂದು, ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೂರಿ ನಡೆಯುವುದು. ಇದರ ಜೊತೆಗೆ ನೀರು ಕುಡಿಯುವುದೂ ಮೂತ್ರವೂ ಹೆಚ್ಚಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಆಗಬೇಕು.

ಎರಡನೆಯ ಹೆಜ್ಜೆ: ಆಸ್ಪತ್ರೆಗೆ ಮೊದಲು ಮೊಬೈಲ್‌ನಲ್ಲಿ ಚಿತ್ರೀಕರಣ

ಪಶುವೈದ್ಯರ ಮೇಜಿನ ಮೇಲೆ ಯಾವ ಬೆಕ್ಕೂ ತನ್ನ ಸಹಜ ನಡಿಗೆ ತೋರಿಸುವುದಿಲ್ಲ. ಹೆದರಿ ಮುದುಡಿ ಕುಳಿತುಕೊಳ್ಳುತ್ತದೆ, ಇಲ್ಲವೇ ನೋವೆಲ್ಲ ಮರೆತು ಫ್ರಿಜ್‌ನ ಹಿಂದಕ್ಕೆ ಹಾರುತ್ತದೆ. ಹಾಗಾಗಿ ಮನೆಯಲ್ಲೇ ಚಿತ್ರೀಕರಿಸಿ. ನಿದ್ದೆಯಿಂದ ಎದ್ದ ತಕ್ಷಣದ ನಡಿಗೆ, ತನ್ನ ಇಷ್ಟದ ಜಾಗಕ್ಕೆ ಹತ್ತುವುದು, ಅಲ್ಲಿಂದ ಇಳಿಯುವುದು, ಮೆಟ್ಟಿಲು, ಟ್ರೇಯೊಳಗೆ ಹೋಗಿ ಬರುವುದು. ಒಂದೊಂದೂ ಅರ್ಧ ನಿಮಿಷ ಇದ್ದರೆ ಸಾಕು. ಮೊಬೈಲನ್ನು ನೆಲಮಟ್ಟದಲ್ಲಿ ಹಿಡಿದು ಪಕ್ಕದಿಂದ ತೆಗೆಯಿರಿ. ಮೇಲಿನಿಂದ ತೆಗೆದರೆ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಊಟದ ತಟ್ಟೆ ತೋರಿಸಿ ಹಾರಿಸಲು ಹೋಗಬೇಡಿ. ಆಸೆಗೆ ಬಿದ್ದ ಬೆಕ್ಕು ನೋವು ನುಂಗಿಕೊಂಡು ಹಾರುತ್ತದೆ, ವೈದ್ಯರಿಗೆ ಸುಳ್ಳು ಚಿತ್ರ ಸಿಗುತ್ತದೆ.

ಈ ವಿಡಿಯೊಗಳನ್ನು ಅಳಿಸದೆ ಇಟ್ಟುಕೊಳ್ಳಿ. ಚಿಕಿತ್ಸೆ ಶುರುವಾದ ಮೇಲೆ ಇವೇ ಅಳತೆಗೋಲು. ಬೆಕ್ಕಿನ ಸಂಧಿವಾತದ ಔಷಧ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡುಬಂದ ವಿಚಿತ್ರವೊಂದಿದೆ: ಔಷಧವೇ ಇಲ್ಲದ ಪೊಳ್ಳು ಮದ್ದು ಪಡೆದ ಬೆಕ್ಕುಗಳ ಮಾಲೀಕರೂ ‘ಬಹಳ ಸುಧಾರಿಸಿದೆ’ ಎಂದು ಬರೆದುಕೊಡುತ್ತಾರೆ. ಪ್ರೀತಿಯ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ. ವಿಡಿಯೊಗೆ ಅಂಥ ಮೋಹವಿಲ್ಲ.

ಮೂರನೆಯ ಹೆಜ್ಜೆ: ಪಶುವೈದ್ಯರ ಭೇಟಿ

ಬೆಕ್ಕನ್ನು ಒಯ್ಯಲು ಮೇಲ್ಭಾಗದ ಮುಚ್ಚಳ ತೆಗೆಯಲು ಬರುವ ಪೆಟ್ಟಿಗೆ ಒಳ್ಳೆಯದು. ನೋಯುವ ಬೆಕ್ಕನ್ನು ಸಣ್ಣ ಬಾಗಿಲಿನಿಂದ ಹೊರಗೆಳೆಯುವುದು ಕ್ರೌರ್ಯ. ಪೆಟ್ಟಿಗೆಯನ್ನು ಒಂದು ವಾರ ಮೊದಲೇ ಹಾಲ್‌ನಲ್ಲಿ ತೆರೆದಿಟ್ಟು, ಅದು ಮಲಗುವ ಬಟ್ಟೆಯನ್ನೇ ಒಳಗೆ ಹಾಸಿ. ವಿಪರೀತ ಹೆದರುವ ಬೆಕ್ಕಾದರೆ ಭೇಟಿಗೆ ಮುನ್ನ ಮನೆಯಲ್ಲೇ ಕೊಡಬಹುದಾದ ಶಾಮಕ ಔಷಧದ ಬಗ್ಗೆ ಫೋನ್‌ನಲ್ಲೇ ವಿಚಾರಿಸಿ.

ದೊಡ್ಡ ಊರುಗಳಲ್ಲಿ ಬೆಕ್ಕುಗಳನ್ನು ಹೆಚ್ಚು ನೋಡುವ ಖಾಸಗಿ ವೈದ್ಯರು ಸಿಗುತ್ತಾರೆ. ಅವರಿಲ್ಲದ ಕಡೆ ಪಶುವೈದ್ಯಕೀಯ ಕಾಲೇಜುಗಳ ಬೋಧನಾ ಆಸ್ಪತ್ರೆಗಳನ್ನು ಮರೆಯಬೇಡಿ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಇಂಥ ಕಾಲೇಜುಗಳಿವೆ. ತಾಲ್ಲೂಕು ಪಶು ಆಸ್ಪತ್ರೆಯ ವೈದ್ಯರು ದಿನವಿಡೀ ದನ, ಕುರಿ, ಎಮ್ಮೆಗಳ ನಡುವೆ ಇರುವವರು. ಬೆಕ್ಕಿನ ಸಂಧಿವಾತ ಅವರ ಮೇಜಿಗೆ ಅಪರೂಪಕ್ಕೆ ಬರುತ್ತದೆ. ಅಲ್ಲಿಗೆ ಹೋಗುವಾಗ ನಿಮ್ಮ ಪಟ್ಟಿ ಮತ್ತು ವಿಡಿಯೊ ಇನ್ನಷ್ಟು ಮುಖ್ಯ.

ಪರೀಕ್ಷೆಯಲ್ಲಿ ಏನೇನು ಇರಬೇಕು? ಕೀಲುಗಳನ್ನು ಮುಟ್ಟಿ, ಮಡಚಿ ನೋಡುವುದು, ಬೇಕೆನಿಸಿದರೆ ಎಕ್ಸ್‌ರೇ. ಇದಕ್ಕಿಂತ ಬಿಡಲೇಬಾರದ್ದು ರಕ್ತ ಮತ್ತು ಮೂತ್ರ ಪರೀಕ್ಷೆ. ವಯಸ್ಸಾದ ಬೆಕ್ಕುಗಳಲ್ಲಿ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಬಹಳ ಸಾಮಾನ್ಯ, ಸಂಧಿವಾತವಿರುವ ಬೆಕ್ಕಿನಲ್ಲಿ ಅದು ಜೊತೆಗೇ ಇರುವುದು ಹೆಚ್ಚು. ನೋವಿನ ಮುಖ್ಯ ಔಷಧಗಳು ಮೂತ್ರಪಿಂಡದ ರಕ್ತಸಂಚಾರದ ಮೇಲೆ ಪರಿಣಾಮ ಬೀರುವುದರಿಂದ ಅದರ ಸ್ಥಿತಿ ತಿಳಿಯದೆ ಔಷಧ ಶುರುಮಾಡುವುದು ಕುರುಡು ಹೆಜ್ಜೆ. ರಕ್ತದೊತ್ತಡ ಮತ್ತು ಥೈರಾಯ್ಡ್ ಕೂಡ ನೋಡಿಸಿದರೆ ಒಳ್ಳೆಯದು. ಪರೀಕ್ಷೆಯೇ ಇಲ್ಲದೆ ‘ಒಂದು ಇಂಜೆಕ್ಷನ್ ಹಾಕಿಬಿಡೋಣ’ ಎಂದರೆ ಅದರ ಹೆಸರು ಕೇಳಿ ಬರೆದುಕೊಳ್ಳಿ. ಸ್ಟೀರಾಯ್ಡ್ ಆಗಿದ್ದರೆ, ಅದರ ಪರಿಣಾಮ ಇರುವಷ್ಟು ದಿನ ಮೆಲಾಕ್ಸಿಕಾಮ್‌ನಂಥ ಉರಿಯೂತ ನಿವಾರಕ ಔಷಧ ಕೊಡುವಂತಿಲ್ಲ. ಎರಡೂ ಸೇರಿದರೆ ಹೊಟ್ಟೆ, ಕರುಳಿನಲ್ಲಿ ಹುಣ್ಣಾಗುವ ಅಪಾಯವಿದೆ. ಸ್ಟೀರಾಯ್ಡ್ ಪದೇ ಪದೇ ಕೊಟ್ಟರೆ ಬೆಕ್ಕಿಗೆ ಸಕ್ಕರೆ ಕಾಯಿಲೆಯೂ ಬರಬಹುದು.

ನಾಲ್ಕನೆಯ ಹೆಜ್ಜೆ: ಮನೆಯ ಔಷಧ ಡಬ್ಬಿಗೆ ಬೀಗ

ಈ ಬರಹದಲ್ಲಿ ಬೇರೆ ಯಾವುದನ್ನು ಮರೆತರೂ ಸರಿ, ಇದನ್ನು ಮರೆಯಬೇಡಿ. ಬೆಕ್ಕಿಗೆ ಪ್ಯಾರಾಸಿಟಮಾಲ್ ವಿಷ. ಮಗುವಿಗೆ ಕೊಡುವಷ್ಟು ಅಲ್ಲ, ಅದರ ಅರ್ಧವೂ ಅಲ್ಲ, ಒಂದು ತುಣುಕೂ ಕೊಡಬಾರದು. ಮನುಷ್ಯನ ಯಕೃತ್ತಿನಲ್ಲಿ ಈ ಔಷಧವನ್ನು ನಿರುಪದ್ರವಿ ಮಾಡಿ ಹೊರಹಾಕುವ ಕಿಣ್ವವೊಂದಿದೆ. ಬೆಕ್ಕಿನಲ್ಲಿ ಆ ಕಿಣ್ವದ ಜೀನ್ ಕೆಲಸವನ್ನೇ ಮಾಡುವುದಿಲ್ಲ. ಔಷಧ ವಿಷವಾಗಿ ಮಾರ್ಪಟ್ಟು ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಹೋಗುತ್ತದೆ. ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಾದ ಊದುತ್ತವೆ, ಉಸಿರು ಏರುತ್ತದೆ. ತಿಳಿಯದೆ ಕೊಟ್ಟಿದ್ದರೆ ಲಕ್ಷಣಗಳಿಗಾಗಿ ಕಾಯಬೇಡಿ, ಮಾತ್ರೆಯ ಹಾಳೆ ಸಮೇತ ಆಸ್ಪತ್ರೆಗೆ ಓಡಿ. ಪ್ರತಿವಿಷವಿದೆ, ಆದರೆ ಮೊದಲ ಕೆಲವು ಗಂಟೆಗಳಲ್ಲಿ ಸಿಕ್ಕರೆ ಮಾತ್ರ ಅದರಿಂದ ಹೆಚ್ಚು ಪ್ರಯೋಜನ.

ಐಬುಪ್ರೊಫೇನ್, ಡೈಕ್ಲೊಫೆನಾಕ್, ನಿಮೆಸುಲೈಡ್ ಇವೂ ನಿಷಿದ್ಧ. ಪಶುಗಳಿಗೆ ಡೈಕ್ಲೊಫೆನಾಕ್ ಕೊಡುವುದನ್ನು ಭಾರತ 2006ರಲ್ಲೇ ನಿಷೇಧಿಸಿತು. ಕಾರಣ ಬೆಕ್ಕಲ್ಲ, ರಣಹದ್ದು: ಆ ಔಷಧ ಪಡೆದು ಸತ್ತ ದನದ ಮಾಂಸ ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತಿದ್ದವು. ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಅಭಯಾರಣ್ಯವನ್ನಾಗಿ ಘೋಷಿಸಬೇಕಾಗಿ ಬಂದದ್ದರ ಹಿಂದೆಯೂ ಇದೇ ಕಥೆಯಿದೆ. ಡೈಕ್ಲೊಫೆನಾಕ್ ಬದಲಿಗೆ ಹದ್ದುಗಳಿಗೆ ಸುರಕ್ಷಿತವೆಂದು ಆಗ ಮುಂದೆ ಬಂದ ಔಷಧ ಮೆಲಾಕ್ಸಿಕಾಮ್. ಬೆಕ್ಕಿನ ಸಂಧಿವಾತಕ್ಕೆ ಇಂದು ಹೆಚ್ಚು ಬಳಕೆಯಲ್ಲಿರುವುದೂ ಅದೇ.

ಮನೆಯ ಅಜ್ಜಿಯ ಮಂಡಿಗೆ ಹಚ್ಚುವ ಜೆಲ್‌ನತ್ತಲೂ ಗಮನವಿರಲಿ. ಮಾಲೀಕರು ತಮ್ಮ ಮೈಗೆ ಹಚ್ಚಿಕೊಂಡ ಫ್ಲರ್ಬಿಪ್ರೊಫೇನ್ ಎಂಬ ನೋವಿನ ಮುಲಾಮಿನಿಂದ ಮನೆಯ ಬೆಕ್ಕುಗಳು ಸತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲಿ ಎಚ್ಚರಿಕೆ ನೀಡಿತ್ತು. ಬೆಕ್ಕಿಗೆ ಯಾರೂ ಅದನ್ನು ಹಚ್ಚಿರಲಿಲ್ಲ. ಜೆಲ್ ಹಚ್ಚಿಕೊಂಡ ಮೇಲೆ ಕೈ ತೊಳೆಯಬೇಕು, ಮಂಡಿಗೆ ಬಟ್ಟೆ ಸುತ್ತಬೇಕು, ಬೆಕ್ಕು ಮಡಿಲೇರದಂತೆ ನೋಡಿಕೊಳ್ಳಬೇಕು.

ನೀಲಗಿರಿ ಎಣ್ಣೆ, ಕರ್ಪೂರದ ತೈಲ, ತಲೆನೋವಿನ ಬಾಮ್‌ಗಳೂ ಬೇಡ. ಬೆಕ್ಕು ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ‘ಆಯುರ್ವೇದದ್ದು, ಅಡ್ಡಪರಿಣಾಮವಿಲ್ಲ’ ಎಂಬ ಭರವಸೆಯನ್ನು ಬೆಕ್ಕಿನ ಯಕೃತ್ತು ಒಪ್ಪುವುದಿಲ್ಲ.

ಐದನೆಯ ಹೆಜ್ಜೆ: ವೈದ್ಯರು ಬರೆದುಕೊಡುವ ಔಷಧಗಳನ್ನು ಅರಿತು ಕೊಡುವುದು

ಮೆಲಾಕ್ಸಿಕಾಮ್ ದ್ರವರೂಪದಲ್ಲಿ ಬರುತ್ತದೆ. ಬೆಕ್ಕಿಗೆಂದು ತಯಾರಾದ ದ್ರವದ ಒಂದು ಮಿಲಿಲೀಟರಿನಲ್ಲಿ 0.5 ಮಿಲಿಗ್ರಾಂ ಔಷಧವಿದ್ದರೆ, ನಾಯಿಗೆ ತಯಾರಾದದ್ದರಲ್ಲಿ 1.5 ಮಿಲಿಗ್ರಾಂ, ಅಂದರೆ ಮೂರು ಪಟ್ಟು ಇರುತ್ತದೆ. ಎರಡೂ ಬಾಟಲಿಗಳು ನೋಡಲು ಒಂದೇ ಥರ. ಅಂಗಡಿಯವರು ‘ಇದೂ ಅದೇ ಸಾರ್’ ಎಂದು ನಾಯಿಯದ್ದನ್ನು ಕೊಟ್ಟರೆ ವೈದ್ಯರಿಗೆ ಫೋನ್ ಮಾಡದೆ ಒಂದು ಹನಿಯನ್ನೂ ಹಾಕಬೇಡಿ. ಮನುಷ್ಯರ ಮಾತ್ರೆಯಂತೂ ಸುತರಾಂ ಬೇಡ: ಯುರೋಪಿನಲ್ಲಿ ಒಪ್ಪಿಗೆ ಪಡೆದ ದೀರ್ಘಾವಧಿ ಪ್ರಮಾಣದ ಪ್ರಕಾರ 4 ಕೆ.ಜಿ. ಬೆಕ್ಕಿಗೆ ದಿನಕ್ಕೆ 0.2 ಮಿಲಿಗ್ರಾಂ ಸಾಕು. ನಮ್ಮ ಔಷಧಾಲಯದ ಸಾಮಾನ್ಯ ಮಾತ್ರೆ 7.5 ಮಿಲಿಗ್ರಾಂನದ್ದು. ಅಮೆರಿಕದಲ್ಲಿ ಬೆಕ್ಕಿಗೆ ಇದನ್ನು ಮತ್ತೆ ಮತ್ತೆ ಕೊಡುವುದರ ವಿರುದ್ಧ ಬಾಟಲಿಯ ಮೇಲೇ ಕಟ್ಟುನಿಟ್ಟಿನ ಎಚ್ಚರಿಕೆ ಇದೆ. ಎರಡು ಕಡೆಯ ನಿಲುವು ಬೇರೆಯಾಗಿರುವುದೇ, ಇದನ್ನು ವೈದ್ಯರ ಕಣ್ಗಾವಲಿನಲ್ಲಿ ಮಾತ್ರ, ಪರಿಣಾಮ ಬೀರುವ ಅತಿ ಕಡಿಮೆ ಪ್ರಮಾಣದಲ್ಲಿ ಕೊಡಬೇಕು ಎಂಬುದಕ್ಕೆ ಸಾಕ್ಷಿ.

ಕೊಡುವ ಕ್ರಮ ಹೀಗಿರಲಿ. ಮೊದಲು ಊಟ, ಆಮೇಲೆ ಔಷಧ. ಊಟ ಬಿಟ್ಟ ದಿನ ಔಷಧವೂ ಬೇಡ. ವಾಂತಿ, ಭೇದಿ, ಕಪ್ಪು ಮಲ, ನೀರೂ ಮುಟ್ಟದಿರುವುದು ಇವುಗಳಲ್ಲಿ ಒಂದು ಕಂಡರೂ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಬಾಟಲಿಯ ಜೊತೆ ಬಂದ ಸಿರಿಂಜನ್ನೇ ಬಳಸಿ, ಚಮಚದ ಅಳತೆ ಬೇಡ. ಮನೆಯಲ್ಲಿ ಇಬ್ಬರು ಔಷಧ ಕೊಡುವವರಿದ್ದರೆ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿ, ಕೊಟ್ಟವರು ಗುರುತು ಹಾಕಲಿ. ಎರಡು ಸಲ ಬೀಳುವುದು ಹೀಗೇ ತಪ್ಪುತ್ತದೆ. ಮಾತ್ರೆಯಾದರೆ ಅದರ ಹಿಂದೆಯೇ ಸ್ವಲ್ಪ ನೀರನ್ನು ಅಥವಾ ಒಂದು ತುತ್ತು ಮೆತ್ತನೆಯ ಆಹಾರವನ್ನು ಕೊಡಿ. ಒಣ ಮಾತ್ರೆ ಬೆಕ್ಕಿನ ಅನ್ನನಾಳದಲ್ಲಿ ಸಿಕ್ಕಿಕೊಂಡು ಗಾಯ ಮಾಡಬಲ್ಲದು.

ಗ್ಯಾಬಪೆಂಟಿನ್ ನರಸಂಬಂಧಿ ನೋವಿಗೆ ಕೊಡುವ ಔಷಧ. ಮೊದಲ ದಿನಗಳಲ್ಲಿ ಬೆಕ್ಕು ತೂಕಡಿಸುತ್ತದೆ, ತೂರಾಡುತ್ತದೆ. ಆಗ ಎತ್ತರದ ಜಾಗಗಳಿಗೆ ಬಿಡಬಾರದು. ಮೂತ್ರಪಿಂಡ ಕೆಟ್ಟಿದ್ದರೆ ಪ್ರಮಾಣ ಇಳಿಸಬೇಕಾಗುತ್ತದೆ. ನಮ್ಮ ಔಷಧಾಲಯಗಳಲ್ಲಿ ಗ್ಯಾಬಪೆಂಟಿನ್ ಜೊತೆಗೆ ಬೇರೆ ಔಷಧ ಬೆರೆಸಿದ ಮಾತ್ರೆಗಳೇ ಹೆಚ್ಚು ಕಾಣುತ್ತವೆ. ಚೀಟಿಯಲ್ಲಿ ಬರೆದದ್ದು ಬರೀ ಗ್ಯಾಬಪೆಂಟಿನ್ ಆಗಿದ್ದರೆ ಅಂಗಡಿಯಲ್ಲಿ ಹಾಳೆಯ ಹಿಂಬದಿ ಓದಿಯೇ ದುಡ್ಡು ಕೊಡಿ.

ಹೊಸ ಬಗೆಯ ಚಿಕಿತ್ಸೆ ಫ್ರುನೆವೆಟ್‌ಮ್ಯಾಬ್. ಸೊಲೆನ್ಸಿಯಾ ಎಂಬ ಹೆಸರಿನಲ್ಲಿ ಬರುವ ಈ ಇಂಜೆಕ್ಷನ್ ತಿಂಗಳಿಗೊಮ್ಮೆ. ನೋವಿನ ಸಂಕೇತವನ್ನು ಹೆಚ್ಚಿಸುವ ನರ ಬೆಳವಣಿಗೆ ಅಂಶ ಎಂಬ ಪ್ರೋಟೀನನ್ನು ಇದು ಹಿಡಿದು ನಿಲ್ಲಿಸುತ್ತದೆ. ಯುರೋಪಿನಲ್ಲಿ 2021ರಲ್ಲಿ, ಅಮೆರಿಕದಲ್ಲಿ 2022ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಮೂತ್ರಪಿಂಡ, ಯಕೃತ್ತುಗಳ ಮೇಲೆ ಹೊರೆ ಕಡಿಮೆ. ಕೆಲವು ಬೆಕ್ಕುಗಳಲ್ಲಿ ಚರ್ಮದ ತುರಿಕೆ ಕಾಣಿಸಿಕೊಳ್ಳುತ್ತದೆ. ಹೊರದೇಶದಲ್ಲಿರುವ ಕನ್ನಡಿಗರು ತಮ್ಮ ವೈದ್ಯರನ್ನು ಕೇಳಬಹುದು. ಇಲ್ಲಿರುವವರೂ ಕೇಳಿ, ಸಿಗುತ್ತದೋ, ಬೆಲೆ ಎಷ್ಟೋ ಎಂಬುದಕ್ಕೆ ನಿಮ್ಮ ಊರಿನ ವೈದ್ಯರ ಉತ್ತರವೇ ಸರಿ.

ಕೀಲಿಗೆ ಒಳ್ಳೆಯದೆಂದು ಮಾರುವ ಗ್ಲುಕೊಸಮೈನ್ ಪುಡಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಕ್ಕಿನಲ್ಲಿ ಅವುಗಳ ಪ್ರಯೋಜನಕ್ಕೆ ಪುರಾವೆ ತೆಳು. ಮೀನೆಣ್ಣೆಯ ಒಮೆಗಾ-3 ಕೊಬ್ಬಿಗೆ ಸ್ವಲ್ಪ ಹೆಚ್ಚಿನ ಆಧಾರವಿದೆ. ಆದರೆ ಕಾಡ್ ಎಂಬ ಮೀನಿನ ಯಕೃತ್ತಿನಿಂದ ತೆಗೆದ ಕಾಡ್ ಲಿವರ್ ಎಣ್ಣೆ ಬೇಡ, ಕಾರಣ ಮುಂದೆ ಬರುತ್ತದೆ.

ಆರನೆಯ ಹೆಜ್ಜೆ: ಮನೆಯನ್ನು ಬೆಕ್ಕಿನ ಕಾಲಿಗೆ ಹೊಂದಿಸಿ

ಔಷಧದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಫಲ ಕೊಡುವುದು ಇದು. ಖರ್ಚೂ ಕಡಿಮೆ, ಮೂತ್ರಪಿಂಡಕ್ಕೆ ಅಪಾಯವೂ ಇಲ್ಲ.

ನೆಲದಿಂದ ಶುರುಮಾಡಿ. ಗ್ರಾನೈಟ್ ಮತ್ತು ನುಣುಪು ಟೈಲ್ಸ್ ನಮ್ಮ ಕಣ್ಣಿಗೆ ಚೆಂದ, ನೋಯುವ ಸೊಂಟಕ್ಕೆ ಶಿಕ್ಷೆ. ಕಾಲು ಜಾರದಂತೆ ಬಿಗಿಹಿಡಿದು ನಡೆಯುವುದರಿಂದಲೇ ಸ್ನಾಯುಗಳು ದಣಿಯುತ್ತವೆ. ಬೆಕ್ಕು ದಿನವೂ ಓಡಾಡುವ ದಾರಿಯನ್ನು ಗುರುತಿಸಿ: ಮಲಗುವ ಜಾಗದಿಂದ ತಟ್ಟೆಗೆ, ತಟ್ಟೆಯಿಂದ ಟ್ರೇಗೆ. ಆ ದಾರಿಯುದ್ದಕ್ಕೂ ಹಳೆಯ ಯೋಗ ಮ್ಯಾಟ್ ಕತ್ತರಿಸಿ ಹಾಸಿ, ಅಥವಾ ಗೋಣಿತಾಟನ್ನು ಕೆಳಗೆ ಜಾರದಂತೆ ಅಂಟಿಸಿ. ಮನೆಯೆಲ್ಲ ಮುಚ್ಚಬೇಕಿಲ್ಲ.

ಎತ್ತರದ ಜಾಗಗಳನ್ನು ಮುಚ್ಚಿಬಿಡುವುದು ಹಲವರು ಮಾಡುವ ಕೆಲಸ. ನನಗೆ ಅದು ಸರಿಯೆನಿಸುವುದಿಲ್ಲ. ಬೆಕ್ಕಿಗೆ ಎತ್ತರವೆಂದರೆ ಸುರಕ್ಷತೆ, ಅಲ್ಲಿಂದ ಕೆಳಗಿನ ಲೋಕ ನೋಡುವುದು ಅದರ ದಿನಚರಿ. ಅದನ್ನು ಕಿತ್ತುಕೊಳ್ಳುವ ಬದಲು ಮೆಟ್ಟಿಲು ಕೊಡಿ. ಕಿಟಕಿ ಕಟ್ಟೆಯ ಕೆಳಗೆ ಗಟ್ಟಿ ಸ್ಟೂಲು, ಸ್ಟೂಲಿನ ಪಕ್ಕದಲ್ಲಿ ಊಟದ ಮಣೆ ಎರಡು ಒಂದರ ಮೇಲೊಂದು, ಎಲ್ಲದಕ್ಕೂ ಮೇಲೆ ಗೋಣಿ ಹೊದಿಕೆ. ಪ್ರತಿ ಮೆಟ್ಟಿಲು ಒಂದು ಗೇಣಿಗಿಂತ ಎತ್ತರವಿರದಿರಲಿ, ನಾಲ್ಕೂ ಕಾಲು ಊರಿ ನಿಲ್ಲುವಷ್ಟು ಅಗಲವಿರಲಿ. ಅಲುಗಾಡಿದರೆ ಒಮ್ಮೆ ಹತ್ತಿದ ಬೆಕ್ಕು ಮತ್ತೆ ಹತ್ತುವುದಿಲ್ಲ. ಕೈಯಿಂದ ಒತ್ತಿ ನೋಡಿ.

ಟ್ರೇಯ ವಿಷಯದಲ್ಲಿ ಮುಜುಗರವಿಲ್ಲದೆ ಮಾತಾಡಬೇಕು, ಏಕೆಂದರೆ ಮುದಿ ಬೆಕ್ಕುಗಳನ್ನು ಮನೆಯಿಂದ ಹೊರಹಾಕಲು ಕಾರಣವಾಗುವುದು ಇದೇ. ಎತ್ತರದ ಅಂಚು ದಾಟಲು ಆಗದೆ ಅದು ಹೊರಗೆ ಮಾಡುತ್ತದೆ, ಬೈಗುಳ ತಿನ್ನುತ್ತದೆ. ಬಟ್ಟೆ ತುಂಬಿಡುವ ದೊಡ್ಡ ಪ್ಲಾಸ್ಟಿಕ್ ಡಬ್ಬ ತಂದು ಒಂದು ಪಕ್ಕವನ್ನು ನೆಲದಿಂದ ನಾಲ್ಕು ಬೆರಳಿನಷ್ಟು ಬಿಟ್ಟು ಕತ್ತರಿಸಿ, ಕತ್ತರಿಸಿದ ಅಂಚಿಗೆ ಟೇಪ್ ಸುತ್ತಿ. ಉಳಿದ ಮೂರು ಪಕ್ಕ ಎತ್ತರವಿದ್ದರೆ ಕುಕ್ಕರುಗಾಲಲ್ಲಿ ಕೂರಲಾಗದೆ ನಿಂತೇ ಮೂತ್ರ ಮಾಡುವ ಬೆಕ್ಕಿಗೂ ಅನುಕೂಲ. ಬೆಕ್ಕಿನ ಉದ್ದದ ಒಂದೂವರೆ ಪಟ್ಟು ಉದ್ದವಿರಲಿ. ಒಳಗೆ ದಪ್ಪ ಕಾಳಿನದ್ದಕ್ಕಿಂತ ನುಣ್ಣನೆಯ ಮರಳು ಪಾದಕ್ಕೆ ಹಿತ. ಎರಡಂತಸ್ತಿನ ಮನೆಯಾದರೆ ಎರಡೂ ಅಂತಸ್ತಿನಲ್ಲಿ ಒಂದೊಂದು ಇಡಿ. ಬಚ್ಚಲುಮನೆಯ ಹೊಸ್ತಿಲು ದಾಟಿ ಹೋಗಬೇಕಾದ ಜಾಗ ಬೇಡ.

ಊಟ ಮತ್ತು ನೀರಿನ ಬಟ್ಟಲನ್ನು ನಾಲ್ಕೈದು ಬೆರಳು ಎತ್ತರಿಸಿದರೆ ಮೊಣಕೈ ಮತ್ತು ಕುತ್ತಿಗೆಗೆ ಒತ್ತಡ ಕಡಿಮೆ. ನೀರು ಎರಡು ಮೂರು ಕಡೆ ಇರಲಿ.

ಮಲಗಲು ರಟ್ಟಿನ ಪೆಟ್ಟಿಗೆಯ ಒಂದು ಪಕ್ಕ ಇಳಿಸಿ, ಒಳಗೆ ದಪ್ಪನೆಯ ಹಾಸು, ಮೇಲೆ ಕಂಬಳಿ. ಮಾರ್ಗಶಿರ, ಪುಷ್ಯದ ಚಳಿಯಲ್ಲೂ ಮಲೆನಾಡಿನ ಆಷಾಢದ ತೇವದಲ್ಲೂ ಬೆಕ್ಕು ಹಂಡೆ ಒಲೆಯ ಪಕ್ಕ ಹೋಗಿ ಮಲಗುವುದನ್ನು ಹಳ್ಳಿಯವರು ನೋಡಿರುತ್ತೀರಿ. ಅದಕ್ಕೆ ಬೇಕಾದ್ದು ಆ ಶಾಖವೇ. ರಬ್ಬರಿನ ಬಿಸಿನೀರಿನ ಚೀಲವನ್ನು ಎರಡು ಸುತ್ತು ಟವೆಲ್‌ನಲ್ಲಿ ಸುತ್ತಿ ಹಾಸಿಗೆಯ ಅರ್ಧ ಭಾಗದಲ್ಲಿ ಮಾತ್ರ ಇಡಿ. ಬಿಸಿ ಹೆಚ್ಚೆನಿಸಿದರೆ ಇನ್ನರ್ಧಕ್ಕೆ ಸರಿಯಲು ಅದಕ್ಕೆ ಜಾಗವಿರಬೇಕು. ಮನುಷ್ಯರ ವಿದ್ಯುತ್ ಶಾಖದ ಪಟ್ಟಿ ಹಾಕಿ ಕೆಲಸಕ್ಕೆ ಹೋಗಬೇಡಿ, ಚರ್ಮ ಸುಡುತ್ತದೆ.

ಏಳನೆಯ ಹೆಜ್ಜೆ: ತೂಕ ಮತ್ತು ತಟ್ಟೆ

ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ. ತಿಂಗಳಿಗೊಮ್ಮೆ ಬರೆದಿಡಿ. ಪಕ್ಕೆಲುಬು ಕೈಗೆ ಸುಲಭವಾಗಿ ತಗುಲದಷ್ಟು ಕೊಬ್ಬಿದ್ದರೆ ಇಳಿಸಲೇಬೇಕು. ಆದರೆ ನಿಧಾನವಾಗಿ: ವಾರಕ್ಕೆ ದೇಹತೂಕದ ಶೇ. 1ರಿಂದ 2ರಷ್ಟು. ‘ನಾಳೆಯಿಂದ ಉಪವಾಸ’ ಎಂಬ ಪದ್ಧತಿ ಬೆಕ್ಕಿಗೆ ಸಲ್ಲದು. ದಪ್ಪ ಬೆಕ್ಕು ಕೆಲವು ದಿನ ಊಟ ಬಿಟ್ಟರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಬರುತ್ತದೆ. ಇದಕ್ಕೆ ವಿರುದ್ಧವಾಗಿ, ನೀವು ಏನೂ ಮಾಡದೆ ತೂಕ ಇಳಿಯುತ್ತಿದ್ದರೆ ಖುಷಿಪಡದೆ ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಹಾಲು ಅನ್ನ, ಮೊಸರನ್ನದ ಮೇಲೆ ಸಾಕಿದ ಬೆಕ್ಕಿಗೆ ಸ್ನಾಯು ಉಳಿಯುವುದಿಲ್ಲ. ಮಾಂಸಾಹಾರವೇ ಅದರ ದೇಹಧರ್ಮ. ಸಸ್ಯಾಹಾರಿ ಮನೆಗಳಲ್ಲಿ ಪ್ಯಾಕೆಟ್ ಆಹಾರ ಕೊಡಬಹುದು, ವಯಸ್ಸಾದ ಬೆಕ್ಕಿಗೆ ನೀರಿನಂಶವಿರುವ ಪೌಚ್ ಆಹಾರ ಒಳ್ಳೆಯದು. ನಮ್ಮ ಮೀನು ಸಾರು ಬೇಡ, ಅದರಲ್ಲಿರುವ ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ.

ಕೋಳಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಲಿವರ್ ಅನ್ನು ದಿನವೂ ಹಾಕುವವರಿದ್ದಾರೆ. ಬೆಕ್ಕಿಗೂ ಅದರ ಮೇಲೆ ಪ್ರಾಣ. ಲಿವರ್‌ನಲ್ಲಿ ಎ ಜೀವಸತ್ವ ಅಪಾರ. ತಿಂಗಳುಗಟ್ಟಲೆ ಅದನ್ನೇ ತಿಂದ ಬೆಕ್ಕಿನ ಕುತ್ತಿಗೆಯ ಮೂಳೆಗಳು ಬೆಳೆದು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕತ್ತು ಬಾಗಿಸಲಾಗದೆ ಅದು ಮೈ ನೆಕ್ಕುವುದನ್ನೇ ಬಿಡುತ್ತದೆ. ಕಾಡ್ ಲಿವರ್ ಎಣ್ಣೆ ಬೇಡವೆಂದದ್ದೂ ಇದೇ ಕಾರಣಕ್ಕೆ.

ಎಂಟನೆಯ ಹೆಜ್ಜೆ: ಉಗುರು, ಕೂದಲು, ಆಟ

ಎರಡು ಮೂರು ವಾರಕ್ಕೊಮ್ಮೆ ಉಗುರಿನ ತುದಿ ಕತ್ತರಿಸಿ. ಮಸೆಯದೆ ಬಿಟ್ಟ ಉಗುರು ದಪ್ಪವಾಗಿ ಸುತ್ತಿ ಪಾದದ ಮೆತ್ತೆಯೊಳಗೇ ನುಗ್ಗುತ್ತದೆ. ಒಳಗಿನ ಗುಲಾಬಿ ಬಣ್ಣದ ಭಾಗ ಮುಟ್ಟದಂತೆ ತುದಿಯಷ್ಟೇ ತೆಗೆಯಿರಿ. ಒಂದೇ ಸಲಕ್ಕೆ ನಾಲ್ಕು ಕಾಲೂ ಮುಗಿಸುವ ಹಟ ಬೇಡ. ಗಂಟುಗಟ್ಟಿದ ಕೂದಲಿಗೆ ಕತ್ತರಿ ಹಾಕಬೇಡಿ, ಮುದಿ ಬೆಕ್ಕಿನ ಚರ್ಮ ತೆಳುವಾಗಿ ಗಂಟಿನ ಜೊತೆಗೇ ಮೇಲೆದ್ದು ಬರುತ್ತದೆ. ಬೆರಳಿನಿಂದ ಬಿಡಿಸಿ, ಮೃದುವಾದ ಬ್ರಶ್ ಆಡಿಸಿ.

ಎತ್ತುವಾಗ ಕಂಕುಳಿಗೆ ಕೈ ಹಾಕಿ ನೇತಾಡಿಸಬಾರದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ.

ನೋವು ಹತೋಟಿಗೆ ಬಂದ ಮೇಲೆ ಆಟ ಶುರುಮಾಡಿ, ಮೊದಲಲ್ಲ. ದಾರಕ್ಕೆ ಕಟ್ಟಿದ ಗರಿಯನ್ನು ನೆಲದ ಮೇಲೇ ನಿಧಾನವಾಗಿ ಎಳೆಯಿರಿ, ಗಾಳಿಯಲ್ಲಿ ಹಾರಿಸಬೇಡಿ. ಎರಡು ಮೂರು ನಿಮಿಷ, ದಿನಕ್ಕೆ ಎರಡು ಮೂರು ಸಲ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದರೆ ಕರುಳಿಗೆ ಅಪಾಯ. ಒಣ ಆಹಾರದ ಕಾಳುಗಳನ್ನು ಒಂದೊಂದು ಮೆಟ್ಟಿಲ ಮೇಲೆ ಇಟ್ಟರೆ ಅದೇ ವ್ಯಾಯಾಮ. ತಾನಾಗಿ ನಿಲ್ಲಿಸಿದರೆ ಅಲ್ಲಿಗೆ ಬಿಡಿ.

ಒಂಬತ್ತನೆಯ ಹೆಜ್ಜೆ: ಮತ್ತೆ ಮತ್ತೆ ನೋಡುವುದು

ಚಿಕಿತ್ಸೆ ಶುರುವಾಗಿ ಒಂದು ತಿಂಗಳಿಗೆ ಅದೇ ಜಾಗದಲ್ಲಿ, ಅದೇ ಕೋನದಲ್ಲಿ ಮತ್ತೆ ವಿಡಿಯೊ ತೆಗೆದು ಹಳೆಯದರ ಪಕ್ಕದಲ್ಲಿಟ್ಟು ನೋಡಿ. ಉರಿಯೂತ ನಿವಾರಕ ಔಷಧ ಮುಂದುವರಿಯುತ್ತಿದ್ದರೆ ರಕ್ತ, ಮೂತ್ರ ಪರೀಕ್ಷೆಗಳು ವೈದ್ಯರು ಹೇಳಿದ ಅಂತರದಲ್ಲಿ ತಪ್ಪದೆ ಆಗಲಿ. ಸುಧಾರಣೆ ಕಣ್ಣಿಗೆ ಕಾಣಲಿಲ್ಲವೆಂದು ನೀವಾಗಿಯೇ ಔಷಧ ನಿಲ್ಲಿಸಬೇಡಿ. ನಿಧಾನವಾಗಿ ಬಂದ ಆರಾಮ ಗಮನಕ್ಕೆ ಬರುವುದಿಲ್ಲ. ಔಷಧ ನಿಂತು ನೋವು ಮರಳಿದಾಗಲೇ ಎಷ್ಟೋ ಮಾಲೀಕರಿಗೆ ಅದರ ಬೆಲೆ ತಿಳಿಯುವುದು. ವೈದ್ಯರೇ ಇದನ್ನು ಪರೀಕ್ಷೆಯಾಗಿ ಬಳಸುವುದುಂಟು, ಆದರೆ ದಿನ ಎಣಿಸಿ, ಹೇಳಿ ಮಾಡಿಸುತ್ತಾರೆ.

ಎಲ್ಲ ಮಾಡಿದ ಮೇಲೂ ಊಟ ಬಿಟ್ಟು, ಟ್ರೇಗೆ ಹೋಗಲಾಗದೆ, ಮುಟ್ಟಿದರೆ ನರಳುವ ದಿನಗಳೇ ಹೆಚ್ಚಾದರೆ ದಯಾಮರಣದ ಮಾತನ್ನು ವೈದ್ಯರ ಬಳಿ ಎತ್ತಬೇಕು. ನಮ್ಮ ಕಡೆ ಇದನ್ನು ಪಾಪವೆಂದು ಭಾವಿಸುವವರು ಬಹಳ. ಅವರೊಡನೆ ವಾದಿಸುವುದಿಲ್ಲ, ಆದರೆ ಹಾಗೆ ಭಾವಿಸುವವರು ಕೊನೆಯ ದಿನದವರೆಗೂ ನೋವಿನ ಔಷಧವನ್ನು ಕೊಡಿಸುವ ಹೊಣೆಯಿಂದ ನುಣುಚಿಕೊ‌ಳ್ಳುವಂತಿಲ್ಲ.

ಬೀದಿಯ ಮುದಿ ಬೆಕ್ಕಿಗೆ ಊಟ ಹಾಕುವವರಿಗೆ ಒಂದೆರಡು ಮಾತು. ಮುಟ್ಟಲು ಬಿಡದ ಬೆಕ್ಕಿಗೆ ದಿನವೂ ಔಷಧ ಕೊಡುವುದು ಕಷ್ಟ, ಊಟದಲ್ಲಿ ಬೆರೆಸಿದರೆ ಅದು ಬೇರೆ ಬೆಕ್ಕಿನ ಹೊಟ್ಟೆ ಸೇರಬಹುದು. ಆದರೆ ಊಟವನ್ನು ಗೋಡೆಯ ಮೇಲೆ ಇಡುವ ಬದಲು ನಾಯಿ ನುಗ್ಗದಷ್ಟು ಕಿರಿದಾದ ಸಂದಿಯಲ್ಲಿ ನೆಲದ ಮೇಲೇ ಇಡಬಹುದು. ಮೆಟ್ಟಿಲಿನ ಕೆಳಗೆ ಗೋಣಿ ಹಾಸಿದ ಒಂದು ಪೆಟ್ಟಿಗೆ ಇಡಬಹುದು. ಅದಕ್ಕೆ ಎದುರುಬದುರು ಎರಡು ಬಾಗಿಲು ಕೊಯ್ಯಿರಿ, ಓಡಲಾಗದ ಬೆಕ್ಕಿಗೆ ತಪ್ಪಿಸಿಕೊಳ್ಳುವ ದಾರಿ ಹತ್ತಿರವೇ ಇರಬೇಕು.